ದುಡಿಮೆ ಮುಗಿದ ಮೇಲಿನ ತರಗತಿ

ಕುಂದಾಪುರದ ಕಡೆಯವರಿಗೆ ದುಡಿಯುತ್ತಲೇ ಓದುವುದು ಹೊಸದಲ್ಲ. ಉಡುಪಿ ಹೋಟೆಲುಗಳ ಕಾಲದಲ್ಲಿ ಇಲ್ಲಿಂದ ಮುಂಬಯಿಗೆ ಹೋದ ಎಷ್ಟೋ ಹುಡುಗರು ಹಗಲೆಲ್ಲ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕೂತು ಅಕ್ಷರ ಕಲಿತರು. ಕರಾವಳಿಯಿಂದ ಹೋಗಿ ಅಲ್ಲಿ ನೆಲೆಸಿದವರ ಸಂಘಗಳು ಅಂಥ ಶಾಲೆಗಳನ್ನು ನಡೆಸುತ್ತಿದ್ದವು. ಕುಂಭಾಶಿಯ ಮನೆಯಲ್ಲಿ, ಕಚೇರಿ ಮುಗಿಸಿ ಬಂದ ಮೇಲೆ ಆನ್‌ಲೈನ್ ಎಂಸಿಎ ತರಗತಿಗೆ ಕೂರುವ ನಾನು ಅದೇ ಸಾಲಿನ ಕೊನೆಯಲ್ಲಿರುವವನು. ನನ್ನ ವಿಶೇಷ ವಿಷಯ ಸೈಬರ್ ಭದ್ರತೆ. ಈ ಸಾಲು ಇಲ್ಲಿಯವರೆಗೆ ಹೇಗೆ ಬಂತು ಎಂದು ನೋಡುತ್ತ ಹೋದರೆ ಎರಡು ತೊಡಕುಗಳು ಉದ್ದಕ್ಕೂ ಕಾಣುತ್ತವೆ. ಒಂದು, ಕಾಲೇಜಿನ ಹೊತ್ತು. ಇನ್ನೊಂದು, ಓದಿ ಪಡೆದ ಕಾಗದದ ಬೆಲೆ.

ಸ್ವಾತಂತ್ರ್ಯದ ನಂತರ ಕಾಲೇಜುಗಳು ನಮ್ಮ ಹತ್ತಿರಕ್ಕೇ ಬಂದವು. ಡಾ. ಟಿ.ಎಂ.ಎ. ಪೈ ಅವರ ಮುಂದಾಳ್ತನದಲ್ಲಿ 1949ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜು, 1957ರಲ್ಲಿ ಮಣಿಪಾಲದ ಎಂಜಿನಿಯರಿಂಗ್ ಕಾಲೇಜು ಶುರುವಾದವು. 1963ರಲ್ಲಿ ಕುಂದಾಪುರದಲ್ಲೇ ಭಂಡಾರ್ಕಾರ್ಸ್ ಕಾಲೇಜು ಆಯಿತು. ಕುಂಭಾಶಿಯಲ್ಲಿ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ. ಆದರೆ ತರಗತಿ ನಡೆಯುವುದು ಹಗಲಲ್ಲಿ, ಅಂಗಡಿಯ ಬಾಗಿಲು ತೆರೆದಿರುವುದೂ ಹಗಲಲ್ಲಿ. ಮನೆಯ ಸಂಸಾರ ಹೊತ್ತವನಿಗೆ ಆ ಕಾಲೇಜು ಬಸ್ಸಿನ ಕಿಟಕಿಯಿಂದ ಕಾಣುವ ಕಟ್ಟಡವಾಗಿಯೇ ಉಳಿಯಿತು.

ಇಂಥವರಿಗೆ ಅಂಚೆಯಣ್ಣ ನೆರವಾದ. 1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅಂಚೆ ಮೂಲಕ ಪಾಠ ಕಳಿಸತೊಡಗಿತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಚರಿತ್ರೆಯನ್ನೋ ಕನ್ನಡವನ್ನೋ ಹೀಗೆ ಓದಬಹುದಿತ್ತು. ಕಂಪ್ಯೂಟರನ್ನು ಮಾತ್ರ ಲಕೋಟೆಯಲ್ಲಿ ಹಾಕಿ ಕಳಿಸಲು ಆಗುತ್ತಿರಲಿಲ್ಲ.

ಆ ಯಂತ್ರ ಇಲ್ಲಿನ ಅನೇಕರ ಬದುಕಿಗೆ ಬಂದದ್ದು ಬ್ಯಾಂಕಿನ ಬಾಗಿಲಿನಿಂದ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂಬ ಐದು ಬ್ಯಾಂಕುಗಳು ಹುಟ್ಟಿದ ನೆಲ ಅವಿಭಜಿತ ದಕ್ಷಿಣ ಕನ್ನಡ. ಯಂತ್ರಗಳ ಬಳಕೆಯ ಬಗ್ಗೆ ದೇಶದ ಬ್ಯಾಂಕ್ ಆಡಳಿತಗಳಿಗೂ ನೌಕರರ ಸಂಘಗಳಿಗೂ 1983ರಲ್ಲಿ ಒಪ್ಪಂದವಾಯಿತು. ಮರುವರ್ಷ ರಂಗರಾಜನ್ ಸಮಿತಿಯ ವರದಿ ಬಂತು. ಲೆಡ್ಜರು ಬರೆದು ಕೈ ಪಳಗಿದ್ದ ಗುಮಾಸ್ತರು ನಡುವಯಸ್ಸಿನಲ್ಲಿ ಕೀಲಿಮಣೆ ಕಲಿತರು. ನಮ್ಮಲ್ಲಿ ಕೆಲಸದ ನಡುವೆ ಕಂಪ್ಯೂಟರ್ ಕಲಿತ ಮೊದಲ ದೊಡ್ಡ ತಂಡ ಅವರದೇ ಎಂದು ನನ್ನ ಎಣಿಕೆ. ಆದರೆ ಅವರ ಕಲಿಕೆಗೆ ಪದವಿಯ ಹೆಸರಿರಲಿಲ್ಲ.

ಹೆಸರು ಕೊಡುವ ಪ್ರಯತ್ನವೂ ನಡೆಯಿತು. 1990ರಲ್ಲಿ ಬಂದ ಡಿಒಇಎಸಿಸಿ ಪರೀಕ್ಷೆಗಳು 'ಓ'ಯಿಂದ 'ಸಿ'ವರೆಗೆ ನಾಲ್ಕು ಮೆಟ್ಟಿಲುಗಳಲ್ಲಿದ್ದವು; ಕಾಲೇಜಿಗೆ ಸೇರದೆಯೂ ಬರೆಯಬಹುದಿತ್ತು. 1995ರಲ್ಲಿ ವಿಪ್ರೋ ಕಂಪನಿ ಪಿಲಾನಿಯ ಬಿಟ್ಸ್ ಜೊತೆ ಸೇರಿ, ಬಿಎಸ್ಸಿ ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಂಡು ಕೆಲಸದ ಜೊತೆಗೇ ಸಾಫ್ಟ್‌ವೇರ್‌ನಲ್ಲಿ ಎಂಎಸ್ ಓದಿಸತೊಡಗಿತು. ಅಲ್ಲಿ ದುಡಿಸುವವನೇ ಓದಿನ ಹೊತ್ತನ್ನೂ ಬಿಟ್ಟುಕೊಟ್ಟ. ಹೊತ್ತಿನ ತೊಡಕು ಸಡಿಲವಾದದ್ದು ಅದರಿಂದ.

ಕಾಗದದ ತೊಡಕು ಆಮೇಲೆ ಎದ್ದಿತು. 2015ರಲ್ಲಿ ಯುಜಿಸಿ, ನಮ್ಮ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಮಾನ್ಯತೆ ಇಲ್ಲವೆಂದು ಪ್ರಕಟಿಸಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ಈ ನಡುವೆ, 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟು ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ಕುರಿತು ತೀರ್ಪು ಕೊಟ್ಟಿತು. 2001ರಿಂದ 2005ರವರೆಗೆ ಸೇರಿದವರು ಮತ್ತೆ ಪರೀಕ್ಷೆ ಬರೆದು ಪಾಸಾಗಬೇಕು. ಆಮೇಲೆ ಸೇರಿದವರ ಪದವಿ ರದ್ದು. ಪ್ರಯೋಗಾಲಯವಿಲ್ಲದೆ ಎಂಜಿನಿಯರ್ ಆಗುವುದು ಹೇಗೆ ಎಂಬ ಪ್ರಶ್ನೆ ನ್ಯಾಯವೇ. ಆದರೆ ಅಂಥ ಪದವಿಯ ಮೇಲೆ ಬಡ್ತಿ ಪಡೆದು, ಮನೆ ಸಾಲ ಮಾಡಿಕೊಂಡವನು ಆ ದಿನದ ಪತ್ರಿಕೆಯನ್ನು ಹೇಗೆ ಓದಿರಬೇಕು? ತಪ್ಪಿದ್ದು ಅನುಮತಿ ಪಡೆಯದ ಸಂಸ್ಥೆ. ದಂಡ ತೆತ್ತದ್ದು ರಾತ್ರಿ ನಿದ್ದೆಗೆಟ್ಟು ಓದಿದವನು.

ಹಾಗಾಗಿ ನಾನು ಶುಲ್ಕ ಕಟ್ಟುವ ಮೊದಲು ಪಠ್ಯಕ್ರಮಕ್ಕಿಂತ ಹೆಚ್ಚು ಹೊತ್ತು ಯುಜಿಸಿಯ ಪಟ್ಟಿಯನ್ನು ನೋಡಿದೆ. ವಿಶ್ವವಿದ್ಯಾಲಯದ ಹೆಸರಿದ್ದರೆ ಸಾಲದು. ನಾವು ಸೇರುವ ಕೋರ್ಸೂ ವರ್ಷವೂ ಅದರಲ್ಲಿರಬೇಕು. ಮಾನ್ಯತೆ ಪಡೆದ ಆನ್‌ಲೈನ್ ಪದವಿ ತರಗತಿಯಲ್ಲಿ ಕೂತು ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಎಂಜಿನಿಯರಿಂಗ್ ಪದವಿಗೆ ಈ ದಾರಿ ಇಲ್ಲ, ಎಂಸಿಎಗೆ ಇದೆ. ಕೆಲಸದಲ್ಲಿರುವ ಡಿಪ್ಲೊಮಾದವರಿಗಾಗಿ, ಅವರಿಗೆ ಹೊಂದುವ ಹೊತ್ತಿನಲ್ಲಿ ಕಾಲೇಜಿನಲ್ಲೇ ಎಂಜಿನಿಯರಿಂಗ್ ತರಗತಿ ನಡೆಸಲು 2023-24ರಿಂದ ಎಐಸಿಟಿಇ ಅವಕಾಶ ಕೊಟ್ಟಿದೆ.

"ಈ ಪ್ರಾಯದಗೆ ಎಂತ ಕಾಲೇಜು ಮಾರಾಯ?" ಎಂದು ಊರಿನವರು ಕೇಳುತ್ತಾರೆ. ನಾನು ಹಗಲು ನೋಡಿಕೊಳ್ಳುವ ಕಂಪ್ಯೂಟರುಗಳಲ್ಲಿ ಊರಿನವರ ಉಳಿತಾಯದ ಲೆಕ್ಕವಿದೆ. ಅದನ್ನು ಕಾಯುವ ವಿದ್ಯೆ ನಾನು ಪದವಿ ಓದುವಾಗ ಪುಸ್ತಕದಲ್ಲಿ ಇರಲಿಲ್ಲ. ಈಗಲೂ ಒಮ್ಮೆ ಕಲಿತರೆ ಮುಗಿಯುವುದಿಲ್ಲ. ಮುಂಬಯಿಯ ಹುಡುಗ ಒಂದು ಸಲ ಮೆಟ್ರಿಕ್ ಪಾಸಾದರೆ ಹೋಟೆಲಿನಿಂದ ಕಚೇರಿಗೆ ದಾಟಬಹುದಿತ್ತು. ನಮ್ಮ ಕಾಲದವರು ಕಚೇರಿಯಲ್ಲಿ ಉಳಿಯಲಿಕ್ಕೇ ಮತ್ತೆ ಮತ್ತೆ ಓದಬೇಕು. ಹೀಗಿರುವಾಗ ಆ ಓದಿಗೆ ಬೇಕಾದ ಹೊತ್ತು ನೌಕರನ ನಿದ್ದೆಯಿಂದಲೇ ಯಾಕೆ ಬರಬೇಕು ಎಂಬ ಪ್ರಶ್ನೆಯನ್ನು ನಾವು ಇನ್ನು ಕಚೇರಿಗಳ ಮುಂದೆ ಇಡಬೇಕು.