ತನ್ನೊಡನೆ ತಾನೇ ಬಾಳಿದವನು: ಇಬ್ಬರು ಸ್ಪಾಕ್‌ಗಳ ಕಥನ

ಕಾಲಯಾನದ ಕಥೆಗಳಲ್ಲಿ ವ್ಯಕ್ತಿಯೊಬ್ಬನು ತನ್ನ ಮತ್ತೊಂದು ರೂಪವನ್ನು ಎದುರುಗೊಳ್ಳುವ ಸನ್ನಿವೇಶ ಹೊಸದಲ್ಲ. ಬಹುಮಟ್ಟಿಗೆ ಆ ಭೇಟಿ ಅಲ್ಪಕಾಲದ್ದು. ಕುತೂಹಲ ತಣಿದೊಡನೆ ಬಂದವನು ತನ್ನ ಕಾಲಕ್ಕೆ ಮರಳುತ್ತಾನೆ. ಬಂದವನು ಅಲ್ಲಿಯೇ ನೆಲೆ ನಿಂತು, ತನ್ನ ಕಿರಿಯ ರೂಪದ ಜೊತೆಗೆ ಒಂದೇ ಲೋಕದಲ್ಲಿ ಬಾಳಬೇಕಾದರೆ ಅವರಿಬ್ಬರ ಸಂಬಂಧವೇನು? ಈ ಪ್ರಶ್ನೆಗೆ ಸಿಕ್ಕಿರುವ ಪ್ರೌಢ ಉತ್ತರಗಳಲ್ಲೊಂದು ‘ಸ್ಟಾರ್ ಟ್ರೆಕ್’ ಸರಣಿಯ ಸ್ಪಾಕ್‌ನ ಕಥೆ.

ಜೀನ್ ರಾಡೆನ್‌ಬೆರಿ ಅವರು ರೂಪಿಸಿದ ಈ ಧಾರಾವಾಹಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರ ಸೆಪ್ಟೆಂಬರ್ 8ರಂದು ಆರಂಭವಾಯಿತು. ಸ್ಪಾಕ್‌ನ ತಂದೆ ವಲ್ಕನ್ ಗ್ರಹದವನು, ತಾಯಿ ಭೂಮಿಯವಳು. ತರ್ಕವನ್ನೇ ಬಾಳಿನ ಕ್ರಮವಾಗಿಸಿಕೊಂಡ ಕುಲಕ್ಕೂ ಭಾವವನ್ನು ಬಿಡಲಾರದ ಕುಲಕ್ಕೂ ಸೇರಿದ ಈ ಪಾತ್ರ ಮೊದಲಿನಿಂದಲೇ ಎರಡಾಗಿ ಸೀಳಿದ್ದಿತು. ಪಾತ್ರಧಾರಿ ಲಿಯೊನಾರ್ಡ್ ನಿಮೋಯ್ ಅವರಿಗೂ ಈ ದ್ವಂದ್ವ ತಪ್ಪಲಿಲ್ಲ. 1975ರಲ್ಲಿ ‘ನಾನು ಸ್ಪಾಕ್ ಅಲ್ಲ’ ಎಂಬರ್ಥದ ಶೀರ್ಷಿಕೆಯಲ್ಲಿ ಆತ್ಮಕಥನ ಬರೆದ ಅವರೇ 1995ರಲ್ಲಿ ‘ನಾನು ಸ್ಪಾಕ್’ ಎಂಬರ್ಥದ ಮತ್ತೊಂದನ್ನು ಪ್ರಕಟಿಸಿದರು.

ಜೆ. ಜೆ. ಏಬ್ರಾಮ್ಸ್ ನಿರ್ದೇಶನದ 2009ರ ಚಲನಚಿತ್ರದಲ್ಲಿ ಈ ಒಳಗಿನ ಸೀಳು ಕಥಾವಸ್ತುವೇ ಆಗಿ ಹೊರಬಂದಿತು. 2387ರಲ್ಲಿ ಸಿಡಿದ ನಕ್ಷತ್ರವೊಂದರಿಂದ ರೋಮ್ಯುಲಸ್ ಗ್ರಹವನ್ನು ಉಳಿಸುವುದಾಗಿ ವೃದ್ಧ ಸ್ಪಾಕ್ ಮಾತು ಕೊಟ್ಟಿರುತ್ತಾನೆ. ಆದರೆ ಅವನು ತಲಪುವ ಮುನ್ನವೇ ಆ ಗ್ರಹ ನಾಶವಾಗುತ್ತದೆ. ಹೆಂಡತಿಯನ್ನು ಕಳೆದುಕೊಂಡ ನೀರೋ ಎಂಬ ರೋಮ್ಯುಲನ್ ನಾವಿಕನೂ ಸ್ಪಾಕ್‌ನೂ ಕೃಷ್ಣರಂಧ್ರದ ಮೂಲಕ ಭೂತಕಾಲಕ್ಕೆ ಬೀಳುತ್ತಾರೆ: ನೀರೋ 2233ಕ್ಕೆ, ಸ್ಪಾಕ್ 25 ವರ್ಷಗಳ ತರುವಾಯ 2258ಕ್ಕೆ. ಇಷ್ಟರಲ್ಲಿ ನೀರೋನ ದಾಳಿಯಿಂದ ಇತಿಹಾಸವೇ ಕವಲೊಡೆದಿರುತ್ತದೆ. ಸ್ಪಾಕ್ ತಂದಿದ್ದ ವಸ್ತುವಿನಿಂದಲೇ ನೀರೋ ವಲ್ಕನ್ ಗ್ರಹವನ್ನು ನಾಶಮಾಡುತ್ತಾನೆ. ವೃದ್ಧನು ಹಿಮಾವೃತವಾದ ಬೇರೊಂದು ಗ್ರಹದಲ್ಲಿ ನಿಂತು ಅದನ್ನು ನೋಡಬೇಕಾಗುತ್ತದೆ.

ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಇವರಿಬ್ಬರೂ ಒಂದೇ ಕೃತಿಯ ಎರಡು ಪಾಠಗಳು. ಆದರೆ ಇಲ್ಲಿ ಹಳೆಯ ಪಾಠ ಹೊಸದನ್ನು ತಿದ್ದಲಾರದು. ವೃದ್ಧನಿಗೆ ನೆನಪಿರುವ ಸಾಹಸಗಳು ಈ ಲೋಕದಲ್ಲಿ ನಡೆದಿಲ್ಲ, ನಡೆಯುವುವೆಂಬ ಭರವಸೆಯೂ ಇಲ್ಲ. ತನ್ನ ಇತಿಹಾಸಕ್ಕೆ ಅವನೊಬ್ಬನೇ ಸಾಕ್ಷಿ. ತರುಣನು ತಾಯಿಯನ್ನು ಕಣ್ಣೆದುರೇ ಕಳೆದುಕೊಂಡವನು. ವೃದ್ಧನ ತಾರುಣ್ಯದಲ್ಲಿ ಆ ದುಃಖವಿರಲಿಲ್ಲ. ಆದ್ದರಿಂದ ‘ನಾನು ನೀನೇ’ ಎಂಬ ಮಾತು ಅರ್ಧಸತ್ಯ ಮಾತ್ರ.

ಈ ಅರ್ಧಸತ್ಯದ ಅರಿವೇ ವೃದ್ಧನ ನಡೆಯನ್ನು ನಿರ್ಧರಿಸುತ್ತದೆ. ತನ್ನ ಇರವನ್ನು ತರುಣನಿಗೆ ತಿಳಿಸಬಾರದೆಂದು ಅವನು ಕರ್ಕ್‌ನಿಗೆ ಹೇಳುತ್ತಾನೆ. ತಿಳಿಸಿದರೆ ಘೋರ ಅನಾಹುತವಾದೀತೆಂಬ ಭಾವನೆಯನ್ನೂ ಮೂಡಿಸುತ್ತಾನೆ. ಅಂತಹ ಅಪಾಯವೇನೂ ಇರಲಿಲ್ಲ. ತಾನು ಮೊದಲೇ ಕಾಣಿಸಿಕೊಂಡಿದ್ದರೆ ಕರ್ಕ್ ಮತ್ತು ತರುಣ ಸ್ಪಾಕ್ ಒಬ್ಬರಿಗೊಬ್ಬರು ಅನಿವಾರ್ಯರೆಂಬುದನ್ನು ತಾವೇ ಕಂಡುಕೊಳ್ಳುವ ಅವಕಾಶ ತಪ್ಪುತ್ತಿತ್ತು. ಗೆಳೆತನವನ್ನು ಬೋಧಿಸಬರುವುದಿಲ್ಲ ಎಂದು ಬಲ್ಲವನ ಸುಳ್ಳು ಅದು. ಇಬ್ಬರೂ ಭೇಟಿಯಾದಾಗ ತರುಣನು ನೌಕಾಸೇವೆಯನ್ನು ತೊರೆದು ಅಳಿದುಳಿದ ವಲ್ಕನ್ನರ ಪುನರ್ವಸತಿಗೆ ನಿಲ್ಲಲು ಯೋಚಿಸಿರುತ್ತಾನೆ. ಆ ಹೊಣೆಯನ್ನು ವೃದ್ಧನು ತಾನು ಹೊತ್ತು, ಕಿರಿಯನನ್ನು ಅವನ ದಾರಿಗೆ ಬಿಟ್ಟುಕೊಡುತ್ತಾನೆ. ಬೀಳ್ಕೊಡುವಾಗ ವಲ್ಕನ್ನರ ವಾಡಿಕೆಯ ಹಾರೈಕೆಯನ್ನು ಬಳಸುವುದಿಲ್ಲ. ತನ್ನನ್ನು ತಾನೇ ಹರಸಿಕೊಂಡಂತಾದೀತೆಂಬ ಸಂಕೋಚ. ಬರಿದೆ ಶುಭ ಕೋರುತ್ತಾನೆ.

ಈ ಸಂಯಮವೂ ನಿರಪವಾದವಲ್ಲ. 2013ರ ಚಿತ್ರದಲ್ಲಿ ಖಾನ್ ಎಂಬ ಶತ್ರುವಿನ ಬಗ್ಗೆ ತರುಣನು ಕೇಳಿದಾಗ, ಭವಿಷ್ಯವನ್ನು ಬದಲಿಸಬಹುದಾದ ಯಾವುದನ್ನೂ ಹೇಳೆನೆಂಬ ತನ್ನ ವ್ರತವನ್ನು ವೃದ್ಧನು ನೆನಪಿಸುತ್ತಾನೆ, ಆದರೂ ಎಚ್ಚರಿಸುತ್ತಾನೆ. ಜೀವಗಳು ಪಣಕ್ಕಿರುವಾಗ ಮೌನವೂ ತಪ್ಪಾಗಬಹುದೆಂಬ ವಿವೇಕ ಆ ವ್ರತಭಂಗದಲ್ಲಿದೆ.

ನಿಮೋಯ್ ಅವರು 2015ರ ಫೆಬ್ರವರಿ 27ರಂದು ನಿಧನರಾದರು. 2016ರ ‘ಸ್ಟಾರ್ ಟ್ರೆಕ್ ಬಿಯಾಂಡ್’ ಚಿತ್ರದಲ್ಲಿ ತರುಣ ಸ್ಪಾಕ್‌ಗೆ ವೃದ್ಧನ ಮರಣವಾರ್ತೆ ತಲಪುತ್ತದೆ. ತನ್ನದೇ ಸಾವಿನ ಸುದ್ದಿಯನ್ನು ಬದುಕಿದ್ದಾಗಲೇ ಕೇಳುವ ವಿಚಿತ್ರ ಸ್ಥಿತಿ ಅದು. ಹಿರಿಯನು ಬಿಟ್ಟ ಕಾರ್ಯವನ್ನು ಮುಂದುವರಿಸುವುದೇ ತನ್ನ ಕರ್ತವ್ಯವೆಂದು ಅವನು ಭಾವಿಸುತ್ತಾನೆ, ಅಂದರೆ ಹಿರಿಯನೇ ಆಗಲು ಹೊರಡುತ್ತಾನೆ. ಆಗ ವೃದ್ಧನ ವಸ್ತುಗಳ ನಡುವೆ ಒಂದು ಭಾವಚಿತ್ರ ದೊರೆಯುತ್ತದೆ: ಮತ್ತೊಂದು ಕಾಲದಲ್ಲಿ ಮುಪ್ಪಿನವರೆಗೆ ಒಂದಾಗಿದ್ದ ಏಳು ಮಂದಿ ಒಡನಾಡಿಗಳು. ಅದರೊಡನೆ ಯಾವ ಆದೇಶವೂ ಇಲ್ಲ, ಉಪದೇಶವೂ ಇಲ್ಲ. ಅದನ್ನು ನೋಡಿದ ತರುಣನು ತನ್ನ ಗೆಳೆಯರ ಬಳಿಯಲ್ಲೇ ಉಳಿಯುತ್ತಾನೆ.