ಅರ್ಧ ಗೆದ್ದವನಿಗೆ, ಅರ್ಧ ಧರ್ಮಕ್ಕೆ

ಹಾಕಿ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಕೊಡಗಿನ ಮೈದಾನಗಳು, ಬಾಗಿದ ಸ್ಟಿಕ್ಕು, ಬಿಳಿ ಚೆಂಡು. ಕೆನಡಾದಲ್ಲಿ ಮತ್ತು ಅಮೆರಿಕದ ಹಲವು ನಗರಗಳಲ್ಲಿ ಹಾಕಿ ಎಂದರೆ ಬೇರೆಯೇ. ಅದು ಮಂಜುಗಡ್ಡೆಯ ಮೇಲೆ, ಕಾಲಿಗೆ ಉಕ್ಕಿನ ಅಲಗಿನ ಸ್ಕೇಟು ಕಟ್ಟಿಕೊಂಡು ಆಡುವ ಆಟ. ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆ. 1917ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಹುಟ್ಟಿದ ನ್ಯಾಷನಲ್ ಹಾಕಿ ಲೀಗ್ ಇಂದು 32 ತಂಡಗಳ ದೊಡ್ಡ ವ್ಯಾಪಾರ. ತಂಡಗಳಿಗೆ ಆಗರ್ಭ ಶ್ರೀಮಂತ ಮಾಲೀಕರಿದ್ದಾರೆ, ಆಟಗಾರರಿಗೆ ಲಕ್ಷಾಂತರ ಡಾಲರ್ ಸಂಬಳವಿದೆ. ಇಷ್ಟು ಹಣ ಓಡಾಡುವ ಆಟದ ನಡುವೆ, ಪ್ರೇಕ್ಷಕರ ಸಾಲುಗಳಲ್ಲಿ ದಾನದ ಹೆಸರಿನ ಜೋಳಿಗೆಯೊಂದು ತಿರುಗುತ್ತದೆ. ಆ ಜೋಳಿಗೆಯ ಲೆಕ್ಕವೇನು, ಅದು ಎಲ್ಲಿಂದ ಬಂತು ಎಂದು ನೋಡುವುದು ಈ ಲೇಖನದ ಉದ್ದೇಶ.

ಅದಕ್ಕೆ ಅಲ್ಲಿಯ ಜನ ಇಟ್ಟಿರುವ ಹೆಸರು ‘ಫಿಫ್ಟಿ-ಫಿಫ್ಟಿ’. ಹೆಸರಿನಲ್ಲೇ ಹಂಚಿಕೆ ಇದೆ. ಟಿಕೆಟ್ ಮಾರಿ ಬಂದ ಹಣದಲ್ಲಿ ಅರ್ಧ ಭಾಗ ಗೆದ್ದ ಒಬ್ಬನಿಗೆ, ಉಳಿದರ್ಧ ದಾನಧರ್ಮಕ್ಕೆ. ಹಾಕಿ ಆಟಕ್ಕೆ ಇಪ್ಪತ್ತು ಇಪ್ಪತ್ತು ನಿಮಿಷಗಳ ಮೂರು ಅವಧಿಗಳಿವೆ, ನಡುವೆ ಎರಡು ವಿರಾಮಗಳಿವೆ. ಬಾಗಿಲು ತೆರೆದಾಗಿನಿಂದಲೇ ಮಾರಾಟಗಾರರು ಸಾಲು ಸಾಲು ತಿರುಗುತ್ತಾರೆ. ಸಾಮಾನ್ಯವಾಗಿ ಎರಡನೆಯ ವಿರಾಮದ ಹೊತ್ತಿಗೆ ಮಾರಾಟ ನಿಲ್ಲುತ್ತದೆ, ಕೊನೆಯ ಅವಧಿಯಲ್ಲಿ ಗೆದ್ದ ನಂಬರು ದೊಡ್ಡ ಫಲಕದ ಮೇಲೆ ಮೂಡುತ್ತದೆ. ಸಾವಿರಾರು ಜನ ಒಮ್ಮೆಲೇ ತಮ್ಮ ಕೈಯಲ್ಲಿನ ಚೀಟಿ ನೋಡಿಕೊಳ್ಳುತ್ತಾರೆ. ಒಬ್ಬನ ಮುಖ ಅರಳುತ್ತದೆ. ಉಳಿದವರು ‘ಹೋಗಲಿ ಬಿಡು, ಧರ್ಮಕ್ಕೆ ಹೋಯಿತು’ ಎಂದು ಸಮಾಧಾನಪಟ್ಟುಕೊಂಡು ಆಟದ ಕಡೆ ತಿರುಗುತ್ತಾರೆ. ಸೋತವನಿಗೂ ಒಂದು ಸಮಾಧಾನ ಕೊಡುವ ಈ ಜೂಜು ಸಾಮಾನ್ಯದ್ದಲ್ಲ.

ಜೂಜು ಮತ್ತು ದಾನದ ಈ ನಂಟು ಹಾಕಿಗಿಂತ ಬಹಳ ಹಳೆಯದು. ಅಮೆರಿಕದ ಲೂಸಿಯಾನ ರಾಜ್ಯದ ಕತೆಯನ್ನೇ ತೆಗೆದುಕೊಳ್ಳೋಣ. ಅಂತರ್ಯುದ್ಧ ಮುಗಿದು ರಾಜ್ಯದ ಬೊಕ್ಕಸ ಬರಿದಾಗಿದ್ದಾಗ, 1868ರಲ್ಲಿ, ಲೂಸಿಯಾನ ಲಾಟರಿ ಕಂಪನಿಗೆ 25 ವರ್ಷಗಳ ಏಕಸ್ವಾಮ್ಯ ದೊರೆಯಿತು. ಪ್ರತಿಯಾಗಿ ಕಂಪನಿ ನ್ಯೂ ಆರ್ಲಿಯನ್ಸ್ ನಗರದ ಚಾರಿಟಿ ಆಸ್ಪತ್ರೆಗೆ ವರ್ಷಕ್ಕೆ 40,000 ಡಾಲರ್ ಕೊಡಬೇಕು. ತೆರಿಗೆ ಕೊಡಬೇಕಾಗಿಲ್ಲ. ಕಂಪನಿ ದೇಶದ ಮೂಲೆಮೂಲೆಗೂ ಅಂಚೆಯ ಮೂಲಕ ಟಿಕೆಟ್ ಮಾರಿ ಕೋಟಿಗಟ್ಟಲೆ ಡಾಲರ್ ಎತ್ತಿತು. ಜನರ ನಂಬಿಕೆ ಗಳಿಸಲು ಬೋರಗಾರ್ಡ್ ಮತ್ತು ಜುಬಲ್ ಅರ್ಲಿ ಎಂಬ ಇಬ್ಬರು ಮಾಜಿ ಸೇನಾಧಿಪತಿಗಳನ್ನು ಡ್ರಾ ನಡೆಯುವ ವೇದಿಕೆಯ ಮೇಲೆ ಕೂರಿಸಿತು. ಶಾಸಕರಿಗೆ ಲಂಚ ಹೋಯಿತು. ಆಸ್ಪತ್ರೆಗೆ ಮಾತ್ರ ಅದೇ 40,000. ವ್ಯಾಪಾರ ಹತ್ತುಪಟ್ಟು ಬೆಳೆದರೂ ಧರ್ಮದ ಪಾಲು ಒಂದು ಡಾಲರೂ ಬೆಳೆಯುವಂತಿರಲಿಲ್ಲ. 1890ರಲ್ಲಿ ಅಮೆರಿಕದ ಸಂಸತ್ತು ಲಾಟರಿಗೆ ಅಂಚೆಯ ದಾರಿ ಮುಚ್ಚಿತು. ಕೆಲವೇ ವರ್ಷಗಳಲ್ಲಿ ಲೂಸಿಯಾನದಲ್ಲಿ ಕಂಪನಿಯ ಆಟವೂ ಮುಗಿಯಿತು.

ಸಮುದ್ರದ ಆಚೆ ಐರ್ಲೆಂಡಿನಲ್ಲಿ ಇಂಥದೇ ಇನ್ನೊಂದು ಪ್ರಯೋಗ ನಡೆಯಿತು. 1930ರಲ್ಲಿ ಅಲ್ಲಿಯ ಸರಕಾರ ಆಸ್ಪತ್ರೆಗಳ ನೆರವಿಗಾಗಿ ಕುದುರೆ ಜೂಜಿಗೆ ಹೊಂದಿಸಿದ ಲಾಟರಿಯೊಂದಕ್ಕೆ ಅನುಮತಿ ಕೊಟ್ಟಿತು. ‘ಐರಿಷ್ ಸ್ವೀಪ್’ ಎಂದು ಅದು ಜಗತ್ತಿಗೆಲ್ಲ ಪರಿಚಿತವಾಯಿತು. ಬಿಳಿ ಸಮವಸ್ತ್ರದ ನರ್ಸುಗಳು ದೊಡ್ಡ ಪೀಪಾಯಿಯಿಂದ ಚೀಟಿ ಎತ್ತುವ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತಿದ್ದವು. ಬ್ರಿಟನ್, ಅಮೆರಿಕ, ಕೆನಡಾಗಳಲ್ಲಿ ಲಾಟರಿ ನಿಷಿದ್ಧವಾಗಿತ್ತು. ಆದರೂ ಹಡಗುಗಳಲ್ಲಿ ಬಚ್ಚಿಟ್ಟು ಸಾಗಿಸಿದ ಐರಿಷ್ ಟಿಕೆಟ್‌ಗಳು ಅಲ್ಲಿಯ ಬೀದಿಬೀದಿಗಳಲ್ಲಿ ಮಾರಾಟವಾದವು. ಆ ಹಣದಿಂದ ಐರ್ಲೆಂಡಿನಲ್ಲಿ ಆಸ್ಪತ್ರೆಗಳು ಎದ್ದವು, ಇದು ನಿಜ. ಅದನ್ನು ನಡೆಸುತ್ತಿದ್ದ ಖಾಸಗಿ ಜನ ಅಪಾರ ಸಂಪತ್ತು ಮಾಡಿಕೊಂಡರು, ಇದೂ ನಿಜ. 1987ರಲ್ಲಿ ಆ ಲಾಟರಿ ನಿಂತುಹೋಯಿತು.

ಕೆನಡಾದ ಕಾನೂನು ಈ ಎಲ್ಲವನ್ನೂ ಅನುಮಾನದಿಂದ ನೋಡುತ್ತಲೇ ಬೆಳೆಯಿತು. 1892ರ ದಂಡ ಸಂಹಿತೆ ಲಾಟರಿಯನ್ನು ಅಪರಾಧವೆಂದಿತು. 1900ರ ಸುಮಾರಿಗೆ ಒಂದು ಸಣ್ಣ ಕಿಂಡಿ ತೆರೆಯಿತು. ಧರ್ಮಕಾರ್ಯಕ್ಕಾಗಿ ನಡೆಸುವ ಬಜಾರುಗಳಲ್ಲಿ ಕಡಿಮೆ ಬೆಲೆಯ ವಸ್ತುಗಳನ್ನು ಚೀಟಿ ಎತ್ತಿ ಕೊಡಬಹುದು ಎಂದಾಯಿತು. ಆ ಕಿಂಡಿಯ ಮೂಲಕವೇ ‘ಧರ್ಮಕ್ಕಾದರೆ ಪರವಾಗಿಲ್ಲ’ ಎಂಬ ವಿಚಾರ ಕಾನೂನಿನೊಳಗೆ ಬಂದು ಕುಳಿತದ್ದು. 1968ರಲ್ಲಿ ಮಾಂಟ್ರಿಯಲ್‌ನ ಮೇಯರ್ ಜೀನ್ ಡ್ರಾಪೋ ಅವರು ಹಿಂದಿನ ವರ್ಷದ ಜಾಗತಿಕ ಪ್ರದರ್ಶನ ಬಿಟ್ಟುಹೋದ ಸಾಲ ತೀರಿಸಲು ಎರಡು ಡಾಲರಿನ ಒಂದು ‘ಸ್ವಯಂಪ್ರೇರಿತ ತೆರಿಗೆ’ ಹೊರಡಿಸಿದರು. ಕೊಟ್ಟವರ ಹೆಸರುಗಳಲ್ಲಿ ಚೀಟಿ ಎತ್ತಿ ಬಹುಮಾನ! ನ್ಯಾಯಾಲಯ ಅದನ್ನು ಲಾಟರಿ ಎಂದೇ ಕರೆಯಿತು. ಹೆಸರು ಬದಲಾಯಿಸಿದರೆ ವಸ್ತು ಬದಲಾಗದು ಎಂದು ಅವರಿಗೂ ಗೊತ್ತಿರಲೇಬೇಕು.

ಆದರೆ ಗಾಳಿ ಆಗಲೇ ಬೇರೆ ದಿಕ್ಕಿಗೆ ಬೀಸತೊಡಗಿತ್ತು. 1969ರಲ್ಲಿ ದಂಡ ಸಂಹಿತೆಗೆ ದೊಡ್ಡ ತಿದ್ದುಪಡಿ ಬಂತು. ಸರಕಾರಗಳು ಲಾಟರಿ ನಡೆಸಬಹುದು, ಪ್ರಾಂತ್ಯದ ಪರವಾನಗಿ ಪಡೆದ ಧರ್ಮಾರ್ಥ ಸಂಸ್ಥೆಗಳೂ ನಡೆಸಬಹುದು ಎಂದಾಯಿತು. 1985ರ ತಿದ್ದುಪಡಿಯ ನಂತರ ಈ ಅಧಿಕಾರವೆಲ್ಲ ಪ್ರಾಂತ್ಯಗಳ ಕೈ ಸೇರಿತು. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಲಾಭಕ್ಕಾಗಿ ನಡೆಯುವ ಹಾಕಿ ತಂಡಕ್ಕೆ ಇಂಥ ಪರವಾನಗಿ ಸಿಗುವುದಿಲ್ಲ, ಅದು ಧರ್ಮಾರ್ಥ ಸಂಸ್ಥೆಗೇ ಸಿಗಬೇಕು. ಆದ್ದರಿಂದ ತಂಡದ ಪಕ್ಕದಲ್ಲಿ ತಂಡದ್ದೇ ಹೆಸರಿನ ಒಂದು ಪ್ರತಿಷ್ಠಾನ ಇರಬೇಕಾಯಿತು. ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಮಕ್ಕಳ ಪ್ರತಿಷ್ಠಾನ 2000ದಲ್ಲಿ, ಎಡ್ಮಂಟನ್ ಆಯಿಲರ್ಸ್ ತಂಡದ ಸಮುದಾಯ ಪ್ರತಿಷ್ಠಾನ 2001ರಲ್ಲಿ ಹುಟ್ಟಿದವು. ವ್ಯಾಂಕೂವರ್ ತಂಡದ ಮಕ್ಕಳ ನಿಧಿ ಇನ್ನೂ ಹಳೆಯದು, 1986ರದು. ಟಿಕೆಟ್ ಮಾರುವುದು ಪ್ರತಿಷ್ಠಾನದ ಹೆಸರಿನಲ್ಲಿ. ಕ್ರೀಡಾಂಗಣ, ಪ್ರೇಕ್ಷಕರು ಮತ್ತು ಹುಮ್ಮಸ್ಸು ತಂಡದ್ದು.

ಈಗ ಹಂಚಿಕೆಗೆ ಬರೋಣ. ಲೆಕ್ಕ ಸುಲಭವಾಗಲೆಂದು ಒಂದು ರಾತ್ರಿ 1,00,000 ಡಾಲರ್ ಕೂಡಿತೆಂದು ಇಟ್ಟುಕೊಳ್ಳಿ. 50,000 ಗೆದ್ದವನದು, ಅದಕ್ಕೆ ಯಾರೂ ಕೈ ಹಾಕುವಂತಿಲ್ಲ. ಕೆನಡಾದಲ್ಲಾದರೆ ಗೆದ್ದ ಹಣಕ್ಕೆ ಆದಾಯ ತೆರಿಗೆಯೂ ಇಲ್ಲ. ಅಮೆರಿಕದಲ್ಲಿ ಇದೆ. ಉಳಿದ 50,000ವನ್ನು ಧರ್ಮದ ಪಾಲು ಎನ್ನುತ್ತೇವೆ. ಆದರೆ ಖರ್ಚೆಲ್ಲ ಹುಟ್ಟುವುದು ಈ ಅರ್ಧದಲ್ಲೇ. ಪರವಾನಗಿ ಶುಲ್ಕ, ಯಂತ್ರ ಮತ್ತು ಸಾಫ್ಟ್‌ವೇರ್ ಕೊಡುವ ಕಂಪನಿಯ ಪಾಲು, ಮಾರಾಟಗಾರರ ಕೂಲಿ ಅಥವಾ ಕಮಿಷನ್, ಬ್ಯಾಂಕಿನ ಶುಲ್ಕ, ಜಾಹೀರಾತು ಎಲ್ಲವೂ ಇಲ್ಲಿಂದಲೇ ಹೋಗಬೇಕು. ಖರ್ಚು 10,000 ಬಂದರೆ ಧರ್ಮಕ್ಕೆ ಮುಟ್ಟುವುದು 40,000. ಹೆಸರು ಫಿಫ್ಟಿ-ಫಿಫ್ಟಿ, ಲೆಕ್ಕ ಐವತ್ತು-ನಲವತ್ತು. ಉಳಿದ ಹತ್ತು ಯಾರ ಕಣ್ಣಿಗೂ ಬೀಳುವುದಿಲ್ಲ.

ಧರ್ಮದ ಪಾಲನ್ನು ಮತ್ತೆ ಹಂಚುವ ಕ್ರಮವೂ ಎಲ್ಲೆಡೆ ಒಂದೇ ಅಲ್ಲ. ಕೆಲವು ತಂಡಗಳಲ್ಲಿ ಹಣವೆಲ್ಲ ಪ್ರತಿಷ್ಠಾನಕ್ಕೆ ಹೋಗಿ, ವರ್ಷದಲ್ಲಿ ಬೇರೆ ಬೇರೆ ಕೆಲಸಗಳಿಗೆ ಅನುದಾನವಾಗಿ ಹಂಚಿಕೆಯಾಗುತ್ತದೆ. ಇನ್ನು ಕೆಲವು ಕಡೆ ಒಂದೊಂದು ಪಂದ್ಯಕ್ಕೆ ಒಂದೊಂದು ಸ್ಥಳೀಯ ಸಂಸ್ಥೆಯನ್ನು ಜೊತೆಗೆ ಸೇರಿಸಿಕೊಳ್ಳುತ್ತಾರೆ. ಆ ಸಂಸ್ಥೆಯ ಸ್ವಯಂಸೇವಕರು ಬಂದು ಟಿಕೆಟ್ ಮಾರಿ ಅಂದಿನ ಹಣದಲ್ಲಿ ತಮ್ಮ ಪಾಲು ಪಡೆಯುತ್ತಾರೆ. ಮಕ್ಕಳ ಹಾಕಿ ಕ್ಲಬ್ಬಿನ ತಾಯಿತಂದೆಯರು ಏಪ್ರನ್ ಕಟ್ಟಿಕೊಂಡು ಮೆಟ್ಟಿಲು ಹತ್ತಿಳಿಯುತ್ತಿದ್ದ ಕಾಲದಲ್ಲಿ ಹಣ ಕಡಿಮೆ ಇತ್ತು, ಆದರೆ ಅದು ಯಾರಿಗೆ ಹೋಗುತ್ತಿದೆ ಎಂಬುದು ಕೊಳ್ಳುವವನ ಎದುರಿಗೇ ನಿಂತಿರುತ್ತಿತ್ತು.

ಹಣದಿಂದ ಒಳ್ಳೆಯದಾಗಿಲ್ಲವೆಂದು ಹೇಳುವುದು ಅನ್ಯಾಯ. ವ್ಯಾಂಕೂವರಿನ ನಿಧಿ ನೆರವಾಗುವ ‘ಕ್ಯಾನಕ್ ಪ್ಲೇಸ್’ 1995ರಲ್ಲಿ ತೆರೆದ ಮನೆ. ಗುಣವಾಗದ ಕಾಯಿಲೆಯ ಮಕ್ಕಳು ತಮ್ಮ ಕೊನೆಯ ದಿನಗಳನ್ನು ಮನೆಯವರೊಂದಿಗೆ ನೆಮ್ಮದಿಯಿಂದ ಕಳೆಯಲೆಂದೇ ಸ್ವತಂತ್ರವಾಗಿ ನಿಂತ ಇಂಥ ಆಶ್ರಯ ಉತ್ತರ ಅಮೆರಿಕದಲ್ಲೇ ಅದು ಮೊದಲನೆಯದು. ಮಾಂಟ್ರಿಯಲ್ ಪ್ರತಿಷ್ಠಾನ ಬಡವರ ಬಡಾವಣೆಗಳಲ್ಲಿ ಮಕ್ಕಳಿಗಾಗಿ ತೆರೆದ ಮಂಜಿನ ಅಂಗಳಗಳನ್ನು ಕಟ್ಟಿಸಿಕೊಟ್ಟಿದೆ. ಆ ಮಕ್ಕಳ ಮುಂದೆ ನಿಂತು ಈ ಹಣದ ತಕರಾರು ತೆಗೆಯುವುದು ಯಾರಿಗೂ ಸುಲಭವಲ್ಲ. ತಕರಾರು ತೆಗೆಯಲು ಕಷ್ಟವಾಗುತ್ತದೆ ಎಂಬ ಕಾರಣಕ್ಕೇ ಲೆಕ್ಕ ಕೇಳುವವರೂ ಕಡಿಮೆಯಾಗುತ್ತಾರೆ.

ಕಾಗದದ ಚೀಟಿ ಹೋಗಿ ಯಂತ್ರ ಬಂದ ಮೇಲೆ ಈ ಜೋಳಿಗೆಯ ಗಾತ್ರವೇ ಬದಲಾಯಿತು. ಲಾಟರಿಗೆ ಕಂಪ್ಯೂಟರ್ ಬಳಸುವುದಕ್ಕೆ ಕೆನಡಾದ ಧರ್ಮಾರ್ಥ ಸಂಸ್ಥೆಗಳಿಗೆ ಇದ್ದ ತಡೆಯನ್ನು 2014ರಲ್ಲಿ ಸಡಿಲಿಸಲಾಯಿತು. ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರ ಕ್ಷಣದಲ್ಲಿ ಚೀಟಿ ಮುದ್ರಿಸುತ್ತದೆ, ಕೂಡಿದ ಮೊತ್ತ ಫಲಕದ ಮೇಲೆ ಏರುತ್ತಲೇ ಇರುತ್ತದೆ. ಮೊತ್ತ ಏರಿದಷ್ಟೂ ಆಸೆ, ಆಸೆ ಏರಿದಷ್ಟೂ ಮೊತ್ತ. ಒಂದು ನಂಬರಿಗಿಂತ ಕಟ್ಟುಗಟ್ಟಲೆ ನಂಬರು ಕೊಂಡರೆ ಅಗ್ಗ. 2020ರ ಆಗಸ್ಟಿನಲ್ಲಿ, ಕೊರೋನಾ ಕಾಲದಲ್ಲಿ, ಲೀಗಿನ ಆಟಗಳು ಎಡ್ಮಂಟನ್ ಮತ್ತು ಟೊರಾಂಟೊಗಳ ಖಾಲಿ ಕ್ರೀಡಾಂಗಣಗಳಲ್ಲಿ ನಡೆದವು. ಎಡ್ಮಂಟನ್ ತಂಡದ ಟಿಕೆಟ್‌ಗಳು ಆಲ್ಬರ್ಟಾ ಪ್ರಾಂತ್ಯದಲ್ಲಿದ್ದವರಿಗೆಲ್ಲ ಅಂತರ್ಜಾಲದಲ್ಲಿ ಸಿಕ್ಕವು. ಆಟ ನೋಡದವರೂ ಮನೆಯಲ್ಲಿ ಕುಳಿತು ಕೊಂಡರು. ಭಾರ ತಡೆಯಲಾರದೆ ಮಾರಾಟದ ಸಾಫ್ಟ್‌ವೇರ್ ಕುಸಿಯಿತು, ಹಲವರಿಗೆ ಹಣ ಹಿಂದಿರುಗಿಸಬೇಕಾಯಿತು. ಒಂದು ಪಂದ್ಯದ ಮೊತ್ತ ಒಂದು ಕೋಟಿ ಡಾಲರನ್ನೂ ದಾಟಿತು. ತಂಡ ನಾಲ್ಕೇ ಪಂದ್ಯಗಳಲ್ಲಿ ಶಿಕಾಗೋಗೆ ಸೋತು ಹೊರಬಿತ್ತು. ಜೂಜು ಆಟವನ್ನೇ ಮೀರಿ ಬೆಳೆದಿತ್ತು.

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಅವುಗಳಲ್ಲಿ ಕ್ಯಾಲಿಫೋರ್ನಿಯಾದ ಕತೆ ನಮಗೆ ಹೆಚ್ಚು ಪಾಠ ಹೇಳುತ್ತದೆ. ಅಲ್ಲಿ 2000ದ ಮಾರ್ಚಿಯಲ್ಲಿ ಮತದಾರರು ಧರ್ಮಾರ್ಥ ಲಾಟರಿಗೆ ಒಪ್ಪಿಗೆ ಕೊಟ್ಟರು, ಜೊತೆಗೆ ಒಂದು ಬಿಗಿ ಷರತ್ತನ್ನೂ ಹಾಕಿದರು. ಕೂಡಿದ ಹಣದಲ್ಲಿ ಶೇಕಡಾ 90ರಷ್ಟು ಧರ್ಮಕ್ಕೇ ಹೋಗಬೇಕು. ಅಂದರೆ ಫಿಫ್ಟಿ-ಫಿಫ್ಟಿ ಅಲ್ಲಿ ಕಾನೂನುಬಾಹಿರ. ಲಾಸ್ ಏಂಜಲೀಸ್, ಅನಾಹೈಮ್, ಸ್ಯಾನ್ ಹೋಸೆ, ಹೀಗೆ ಮೂರು ಹಾಕಿ ತಂಡಗಳಿರುವ ರಾಜ್ಯ ಅದು. 2015ರಲ್ಲಿ ಹೊಸ ಕಾಯಿದೆ ಬಂದು, 2016ರಿಂದ ವೃತ್ತಿಪರ ಕ್ರೀಡಾ ತಂಡಗಳ ಪ್ರತಿಷ್ಠಾನಗಳಿಗೆ ಮಾತ್ರ ಅರ್ಧ-ಅರ್ಧ ಹಂಚುವ ವಿನಾಯಿತಿ ಸಿಕ್ಕಿತು. ಬಡ ಶಾಲೆಯೊಂದು ಮಕ್ಕಳ ಪುಸ್ತಕಕ್ಕಾಗಿ ಚೀಟಿ ಮಾರಿದರೆ ನೂರಕ್ಕೆ ತೊಂಬತ್ತು ಧರ್ಮಕ್ಕೆ ಉಳಿಸಬೇಕು. ಶ್ರೀಮಂತ ತಂಡದ ಹೆಸರು ಹೊತ್ತ ಪ್ರತಿಷ್ಠಾನ ಐವತ್ತು ಉಳಿಸಿದರೆ ಸಾಕು. ಬಹುಮಾನ ದೊಡ್ಡದಾದರೆ ಮಾರಾಟವೂ ದೊಡ್ಡದಾಗುತ್ತದೆ, ಕೊನೆಗೆ ಧರ್ಮಕ್ಕೂ ಹೆಚ್ಚು ಬರುತ್ತದೆ ಎಂಬುದು ಇದರ ಪರವಾದ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಅದೇ ವಾದ ಬಡ ಶಾಲೆಗೂ ಅನ್ವಯಿಸಬೇಕಲ್ಲವೇ?

ದಾನದ ಹೊದಿಕೆ ಹೊದ್ದ ಜೂಜಿಗೆ ಇನ್ನೂ ಹಳೆಯ ಉದಾಹರಣೆ ಬೇಕಿದ್ದರೆ ಇಸ್ಲಾಮಿಗೆ ಮುಂಚಿನ ಅರಬ್ ನಾಡಿಗೆ ಹೋಗಬೇಕು. ಅಲ್ಲಿ ‘ಮೈಸಿರ್’ ಎಂಬ ಆಟವಿತ್ತು. ಚಳಿಗಾಲದ ಬರಗಾಲದಲ್ಲಿ ಒಂಟೆಯನ್ನು ಕೊಯ್ದು ಪಾಲು ಹಾಕಿ, ಹತ್ತು ಬಾಣಗಳನ್ನು ಚೀಲದಿಂದ ಎತ್ತುತ್ತಿದ್ದರು. ಏಳು ಬಾಣಗಳಿಗೆ ಒಂದರಿಂದ ಏಳರವರೆಗೆ ಹಿಸ್ಸೆಗಳಿದ್ದವು, ಮೂರು ಬಾಣಗಳು ಬರಿದು. ಸೋತವರು ಒಂಟೆಯ ಬೆಲೆ ಕೊಡಬೇಕು. ಗೆದ್ದವರು ಮಾಂಸವನ್ನು ತಾವು ತಿನ್ನದೆ ಬಡವರಿಗೆ ಹಂಚುವುದು ದೊಡ್ಡಸ್ತಿಕೆ. ಬಡವರ ಹೊಟ್ಟೆ ತುಂಬುತ್ತಿತ್ತು, ಗೆದ್ದವನ ಕೀರ್ತಿ ಕಾವ್ಯವಾಗುತ್ತಿತ್ತು. ಬೆಲೆ ಕೊಟ್ಟವನ ಹೆಸರು ಯಾರಿಗೂ ನೆನಪಿಲ್ಲ. ಜೂಜಿನಲ್ಲಿ ಜನರಿಗೆ ಒಂದಿಷ್ಟು ಪ್ರಯೋಜನವಿದೆ ಎಂಬುದನ್ನು ಕುರ್‌ಆನ್ ಅಲ್ಲಗಳೆಯುವುದಿಲ್ಲ. ಅದರ ಕೇಡು ಆ ಪ್ರಯೋಜನಕ್ಕಿಂತ ದೊಡ್ಡದು ಎಂದು ತೂಗಿ ಹೇಳುತ್ತದೆ. ಝಕಾತ್ ವಿಷಯದಲ್ಲಾದರೋ ಅದು ಯಾರಿಗೆ ಸಲ್ಲಬೇಕೆಂದು ಎಂಟು ಬಗೆಯ ಹಕ್ಕುದಾರರನ್ನು ಮೊದಲೇ ಹೆಸರಿಸಿಬಿಟ್ಟಿದೆ. ಪಡೆಯುವವನು ಕೊಡುವವನ ಮರ್ಜಿಗೆ ಕಾಯಬೇಕಿಲ್ಲ.

ಹಾಕಿ ಕ್ರೀಡಾಂಗಣದಲ್ಲಿ ಈ ಮರ್ಜಿಯ ಪ್ರಶ್ನೆ ಇನ್ನೂ ಉಳಿದಿದೆ. ಹಣ ಕೊಡುವುದು ಟಿಕೆಟ್ ಕೊಂಡ ಸಾವಿರಾರು ಸಾಮಾನ್ಯ ಜನ. ಯಾರಿಗೆ ಕೊಡಬೇಕೆಂದು ತೀರ್ಮಾನಿಸುವುದು ತಂಡದ ಹೆಸರಿನ ಪ್ರತಿಷ್ಠಾನ. ಆಸ್ಪತ್ರೆಯ ಅಂಗಳದಲ್ಲಿ ದೊಡ್ಡ ರಟ್ಟಿನ ಚೆಕ್ಕು ಹಿಡಿದು ಫೋಟೋಕ್ಕೆ ನಿಲ್ಲುವುದು ತಂಡದ ಆಟಗಾರರು. ಮಾಲೀಕನ ಜೇಬಿನಿಂದ ಬಾರದ ಹಣಕ್ಕೆ ಮಾಲೀಕನ ತಂಡಕ್ಕೆ ಹೆಸರು ಬರುತ್ತದೆ. ಇದನ್ನು ಮೋಸ ಎನ್ನಲಾಗದು, ಎಲ್ಲವೂ ಪರವಾನಗಿಯ ಒಳಗೇ ನಡೆಯುತ್ತದೆ. ಆದರೆ ಲೂಸಿಯಾನದ ಕಂಪನಿಯೂ ಪರವಾನಗಿ ಇಟ್ಟುಕೊಂಡೇ ನಡೆದಿತ್ತು ಎಂಬುದನ್ನು ಇತಿಹಾಸ ನಮಗೆ ನೆನಪಿಸುತ್ತದೆ.

ಫಿಫ್ಟಿ-ಫಿಫ್ಟಿಗೆ ಹಿಂದಿನವುಗಳಿಗಿಂತ ಒಂದು ಒಳ್ಳೆಯ ಗುಣವಿದೆ. ಆಸ್ಪತ್ರೆಯ 40,000ದಂತೆ ಧರ್ಮದ ಪಾಲು ಅಲ್ಲಿ ಹೆಪ್ಪುಗಟ್ಟಿ ನಿಲ್ಲುವುದಿಲ್ಲ, ಕೂಡಿದ ಹಣದ ಜೊತೆಗೇ ಬೆಳೆಯುತ್ತದೆ. ಎಷ್ಟು ಕೂಡಿತೆಂದು ಎಲ್ಲರೆದುರು ಫಲಕದ ಮೇಲೆ ತೋರಿಸುವ ಪ್ರಾಮಾಣಿಕತೆಯೂ ಅದಕ್ಕಿದೆ. ಅದೇ ಫಲಕದ ಮೇಲೆ ಇನ್ನೆರಡು ಸಾಲು ಮೂಡಿಸುವುದು ಕಷ್ಟವೇನಲ್ಲ. ಹಿಂದಿನ ಪಂದ್ಯದಲ್ಲಿ ಖರ್ಚು ಎಷ್ಟಾಯಿತು, ಖರ್ಚು ಕಳೆದು ಯಾರ ಕೈಗೆ ಎಷ್ಟು ಮುಟ್ಟಿತು. ಗೆದ್ದ ನಂಬರಿನ ಪಕ್ಕದಲ್ಲೇ ಈ ಎರಡು ಲೆಕ್ಕಗಳೂ ಕಾಣಿಸಿದ ದಿನ, ಸೋತ ಚೀಟಿ ಹಿಡಿದು ‘ಧರ್ಮಕ್ಕೆ ಹೋಯಿತು’ ಎನ್ನುವ ಆ ಸಾವಿರಾರು ಜನರ ಮಾತು ಬರೀ ಸಮಾಧಾನವಾಗಿ ಉಳಿಯದೆ ನಿಜವೂ ಆಗುತ್ತದೆ.