ಜೇಬಿನ ಚಾಕು, ನಾಡಿನ ಉಕ್ಕು

ಮಡಿಸುವ ಚಾಕು ಇಲ್ಲದ ಮನೆ ಅಪರೂಪ. ಬೇಕೆಂದಾಗ ಅದು ಕೈಗೆ ಸಿಕ್ಕುವ ಮನೆ ಇನ್ನೂ ಅಪರೂಪ. ಮಾವಿನ ಕಾಲ ಬಂದಾಗ ಅದನ್ನು ಹುಡುಕುತ್ತೇವೆ. ಮಗುವಿನ ಪೆನ್ಸಿಲಿನ ಮೊನೆ ಮುರಿದಾಗ ಹುಡುಕುತ್ತೇವೆ. ಪಾರ್ಸೆಲಿನ ಹುರಿಯ ಗಂಟು ಬಿಚ್ಚದಾದಾಗ ಹುಡುಕುತ್ತೇವೆ. ಕೊನೆಗೆ ಮೇಜಿನ ಖಾನೆಯಲ್ಲಿ, ಬೀಗವಿಲ್ಲದ ಬೀಗದಕೈಗಳ ಮತ್ತು ಉದುರಿದ ಗುಂಡಿಗಳ ನಡುವೆ ಸಿಕ್ಕಿದರೆ, ಕೀಲು ಬಿಗಿದಿರುತ್ತದೆ, ಅಲಗಿಗೆ ತುಕ್ಕು ಹತ್ತಿರುತ್ತದೆ. ಹಣ್ಣು ಹೆಚ್ಚುವ ಕೆಲಸ ಈಳಿಗೆಮಣೆಗೆ ಹೋಗುತ್ತದೆ. ಚಾಕು ಮತ್ತೆ ಖಾನೆಗೆ. ಇಷ್ಟು ಅಲಕ್ಷ್ಯಕ್ಕೆ ಗುರಿಯಾದ ವಸ್ತುವಿಗೂ ಒಂದು ಚರಿತ್ರೆಯುಂಟು. ಆ ಚರಿತ್ರೆಯ ಒಂದು ದೊಡ್ಡ ಪುಟಕ್ಕೆ ಹೆಸರು ಕೊಟ್ಟದ್ದು ನಮ್ಮ ಕನ್ನಡದ ಒಂದು ಮಾತು.

ಅಲಗನ್ನು ಹಿಡಿಯೊಳಗೆ ಮಡಿಸಿಡುವ ಯುಕ್ತಿ ಬಹಳ ಹಳೆಯದು. ಆಸ್ಟ್ರಿಯಾ ದೇಶದ ಹಾಲ್‌ಷ್ಟಾಟ್ ಎಂಬಲ್ಲಿ ದೊರೆತಿರುವ ಮಡಿಸುವ ಚಾಕು ಸುಮಾರು 2500 ವರ್ಷಗಳ ಹಿಂದಿನದು. ರೋಮನ್ನರೂ ಇಂಥವನ್ನು ಮಾಡುತ್ತಿದ್ದರು. ಬೆನ್ನಿನಲ್ಲಿ ಒಂದು ಉಕ್ಕಿನ ಕಮಾನನ್ನು ಇಟ್ಟು, ತೆರೆದ ಅಲಗು ತಾನಾಗಿ ಮುಚ್ಚಿಕೊಳ್ಳದಂತೆ ಮಾಡುವ ಏರ್ಪಾಡು ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ಪಟ್ಟಣದಲ್ಲಿ ರೂಢಿಗೆ ಬಂತು. ಇಂದು ನಾವು ಚಾಕು ಮುಚ್ಚುವಾಗ ಕೇಳಿಬರುವ ಆ ಟಪ್ಪೆಂಬ ಸದ್ದು ಈ ಕಮಾನಿನದು.

ಇಂಗ್ಲಿಷಿನಲ್ಲಿ ಸಣ್ಣ ಚಾಕುವಿಗೆ ಪೆನ್ ನೈಫ್ ಎಂದು ಹೆಸರು. ಪೆನ್ನಿಗೂ ಚಾಕುವಿಗೂ ಏನು ನಂಟು? ಲೋಹದ ನಿಬ್ಬು ಬರುವುದಕ್ಕೆ ಮುಂಚೆ ಅಲ್ಲಿಯವರು ಬಾತುಕೋಳಿಯ ಗರಿಯ ಬುಡವನ್ನು ಓರೆಯಾಗಿ ಕೆತ್ತಿ, ಅದರಲ್ಲಿ ಸೀಳು ಮಾಡಿ ಬರೆಯುತ್ತಿದ್ದರು. ಗರಿಗೆ ಲ್ಯಾಟಿನ್ನಿನಲ್ಲಿ ಪೆನ್ನ ಎನ್ನುತ್ತಾರೆ. ನಾಲ್ಕು ಪುಟ ಬರೆಯುವಷ್ಟರಲ್ಲಿ ಮೊನೆ ಸವೆಯುತ್ತಿತ್ತು. ಚಾಕು ತೆಗೆದು ಮತ್ತೆ ಕೆತ್ತಬೇಕಾಗಿತ್ತು. ಹೀಗೆ ಬರೆವವನ ಜೇಬಿನಲ್ಲಿ ಚಾಕು ಇರಲೇಬೇಕಾಯಿತು. ನಮ್ಮಲ್ಲಿಯೂ ಬರವಣಿಗೆಗೆ ಗರಿಯೇ ಆಧಾರ. ಆದರೆ ಅದು ಹಕ್ಕಿಯ ಗರಿಯಲ್ಲ, ತಾಳೆಯ ಓಲೆಗರಿ. ಅವರು ಗರಿಯಿಂದ ಬರೆದರು, ನಾವು ಗರಿಯ ಮೇಲೆ ಬರೆದೆವು. ಓಲೆಯ ಅಂಚು ಸವರಿ ಅಳತೆಗೆ ಕತ್ತರಿಸಲು ಚಾಕು ಬೇಕು, ಅಕ್ಷರ ಕೊರೆಯಲು ಕಬ್ಬಿಣದ ಕಂಟ ಬೇಕು. ಎರಡನ್ನೂ ಒಂದೇ ಹಿಡಿಗೆ ಕೀಲಿಸಿ ಮಡಿಸಿದ ಜೋಡಿಗಳನ್ನು ದಕ್ಷಿಣ ದೇಶದ ಕುಶಲಿಗಳು ಮಾಡುತ್ತಿದ್ದರು. ಕೆಲವು ಈಗ ವಸ್ತುಸಂಗ್ರಹಾಲಯಗಳಲ್ಲಿವೆ. ಕೊಡಗರ ಪೀಚೆಕತ್ತಿ ಮಡಿಸುವಂಥದಲ್ಲ, ನಡುವಿಗೆ ಸಿಕ್ಕಿಸುವಂಥದು. ಆದರೂ ಅದರ ಬೆಳ್ಳಿಯ ಸರಪಣಿಗೆ ಚಿಮಟ, ಕಿವಿಗುಗ್ಗೆಯ ಕಡ್ಡಿ ಮೊದಲಾದ ಪುಟ್ಟ ಸಲಕರಣೆಗಳನ್ನು ತೂಗುಬಿಟ್ಟಿರುವುದನ್ನು ಕಂಡವರಿಗೆ ಸ್ವಿಟ್ಜರ್ಲೆಂಡಿನ ಸೈನಿಕರಿಗೆ 1891ರಿಂದ ಕೊಡತೊಡಗಿದ ಬಹೂಪಯೋಗಿ ಚಾಕು ಅಷ್ಟೇನೂ ಹೊಸದೆನಿಸದು.

ಇನ್ನು ನಮ್ಮ ಕನ್ನಡದ ಮಾತಿಗೆ ಬರೋಣ. 1794ರ ಸುಮಾರಿಗೆ ಮುಂಬಯಿಯಲ್ಲಿದ್ದ ಹೆಲಿನಸ್ ಸ್ಕಾಟ್ ಎಂಬ ವೈದ್ಯನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸನಿಗೆ ಈ ದೇಶದ ಒಂದು ಬಗೆಯ ಲೋಹದ ತುಂಡುಗಳನ್ನು ಕಳಿಸಿಕೊಟ್ಟನು. ಅದರ ಹೆಸರು ‘ವೂಟ್ಸ್’ ಎಂದು ಅಲ್ಲಿಯ ಕಾಗದಗಳಲ್ಲಿ ದಾಖಲಾಯಿತು. ಈ ವಿಚಿತ್ರ ಶಬ್ದಕ್ಕೆ ಯಾವ ಭಾರತೀಯ ಭಾಷೆಯಲ್ಲಿಯೂ ಅರ್ಥವಿಲ್ಲ. ಕನ್ನಡದ ‘ಉಕ್ಕು’ ಎಂಬುದನ್ನು ಯಾರೋ ‘ವೂಕ್’ ಎಂದು ಬರೆದು, ಇನ್ನಾರೋ ಅದನ್ನು ತಪ್ಪಾಗಿ ಓದಿ ‘ವೂಟ್ಸ್’ ಆಯಿತೆಂಬುದು ಆಂಗ್ಲ ಕೋಶಕಾರರೇ ಮುಂದಿಟ್ಟ ವಿವರಣೆ. ತೆಲುಗಿನವರೂ ಉಕ್ಕು ಎಂದೇ ಹೇಳುತ್ತಾರಾದ್ದರಿಂದ ಅವರಿಗೂ ಇದರಲ್ಲಿ ಪಾಲು ಕೊಡಬೇಕು. ಒಂದು ಅಕ್ಷರದ ತಪ್ಪು ಇನ್ನೂರು ವರ್ಷಗಳಿಂದ ಲೋಹಶಾಸ್ತ್ರದ ಗ್ರಂಥಗಳಲ್ಲಿ ಗೌರವದಿಂದ ಕುಳಿತಿದೆ!

ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಆ ತುಂಡುಗಳನ್ನು ಪರೀಕ್ಷಿಸಿ 1795ರಲ್ಲಿ ರಾಯಲ್ ಸೊಸೈಟಿಯ ಮುಂದೆ ಒಂದು ಪ್ರಬಂಧವನ್ನಿಟ್ಟನು. ನಮಗೆ ಬೇಕಾದ ಸಂಗತಿ ಅದರಲ್ಲಿದೆ. ಲೋಹದ ಗುಣವನ್ನು ತೂಕದಿಂದ, ದ್ರಾವಕದಿಂದ ಎಷ್ಟೇ ಅಳೆದರೂ ಕಡೆಗೆ ಅಲಗು ಮಾಡಿ ನೋಡಬೇಕಲ್ಲವೆ? ಲಂಡನ್ನಿನ ಹೆಸರಾಂತ ಚಾಕು ಕೆಲಸಗಾರ ಜೇಮ್ಸ್ ಸ್ಟೋಡಾರ್ಟನ ಕೈಗೆ ಒಂದು ತುಂಡನ್ನು ಕೊಟ್ಟರು. ಅಧ್ಯಕ್ಷರ ಅಪೇಕ್ಷೆಯಂತೆ ಅವನು ಅದರಿಂದ ಮಾಡಿದ್ದು ಕತ್ತಿಯನ್ನಲ್ಲ, ಖಡ್ಗವನ್ನಲ್ಲ. ಒಂದು ಪೆನ್ ನೈಫನ್ನು! ಕೆಲಸ ಸುಲಭವಾಗಿರಲಿಲ್ಲ. ಇತರ ಕಬ್ಬಿಣದಂತೆ ಬಿಳುಪೇರುವವರೆಗೆ ಕಾಯಿಸಿ ಬಡಿದರೆ ನಮ್ಮ ಉಕ್ಕು ಪುಡಿಯಾಗುತ್ತಿತ್ತು. ಕತ್ತಲಲ್ಲಿ ಮಾತ್ರ ಕಾಣುವಷ್ಟು ಮಂದವಾದ ಕೆಂಪಿನಲ್ಲಿಯೇ, ತಾಳ್ಮೆಯಿಂದ, ಸ್ಟೋಡಾರ್ಟ್ ಅದನ್ನು ಬಡಿದು ಅಲಗು ತೆಗೆದನು. ಅದರ ಬಾಯಿ ಅತ್ಯುತ್ತಮವಾದ ಉಕ್ಕಿನ ಚಾಕುವಿಗೆ ಸರಿಸಮವಾಗಿತ್ತು. ಹಲವು ಕೆಲಸಗಳಿಗೆ, ಮುಖ್ಯವಾಗಿ ಶಸ್ತ್ರವೈದ್ಯರ ಸಲಕರಣೆಗಳಿಗೆ, ಇಂಗ್ಲೆಂಡಿನಲ್ಲಿ ಬಳಕೆಯಲ್ಲಿರುವ ಯಾವ ಉಕ್ಕಿಗಿಂತಲೂ ಇದು ಮೇಲೆಂದು ಅವನು ತೀರ್ಮಾನಿಸಿದನು. ಮುಂದೆ ತನ್ನ ಅಂಗಡಿಯ ಚೀಟಿಯ ಮೇಲೆಯೇ ಅದನ್ನು ಅಚ್ಚುಹಾಕಿಸಿದನು. 1819ರಿಂದ ಮೂರು ನಾಲ್ಕು ವರ್ಷ ಅವನೊಡನೆ ಸೇರಿ ಈ ಉಕ್ಕಿನ ಗುಟ್ಟನ್ನು ಹುಡುಕಿದವನು ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ವಿಷಯದಲ್ಲಿ ಲೋಕಪ್ರಸಿದ್ಧನಾದ ಆ ಫ್ಯಾರಡೆಯೇ, ಕಮ್ಮಾರನ ಮಗ.

ಆ ಗುಟ್ಟು ನಮ್ಮ ಹಳ್ಳಿಗಳ ಮಣ್ಣಿನ ಮೂಸೆಗಳಲ್ಲಿತ್ತು. ಟೀಪು ಸುಲ್ತಾನ್ 1799ರಲ್ಲಿ ಮಡಿದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದನು. ಮದರಾಸಿನಿಂದ ಹೊರಟು, ಕೋಲಾರದ ಕಡೆಯಿಂದ 1800ರ ಮೇ ತಿಂಗಳಲ್ಲಿ ಬೆಂಗಳೂರನ್ನು ಸೇರಿದನು. ಇಂದು ಕೃಷ್ಣರಾಜಪುರದ ನಡುವೆ ಹಾಯುವ ಹಳೆಯ ಮದರಾಸು ರಸ್ತೆಯೂ ಅದೇ ದಿಕ್ಕಿನದು. ಕಬ್ಬಿಣದ ಕುಲುಮೆಗಳನ್ನು ಅವನು ಕಣ್ಣಾರೆ ಕಂಡು ಬರೆದಿದ್ದಾನೆ. ಮಳೆಯ ನೀರು ಕೊಚ್ಚಿ ತಂದ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುತ್ತಿದ್ದರು. ಆ ಕಬ್ಬಿಣದ ತುಂಡನ್ನು ಹಸಿ ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿಯ ಕಡ್ಡಿಗಳನ್ನೂ ಹಸಿರೆಲೆಗಳನ್ನೂ ಹಾಕಿ, ಬಾಯನ್ನು ಮಣ್ಣಿನಿಂದ ಮುಚ್ಚುತ್ತಿದ್ದರು. ಇಂಥ ಹಲವು ಮೂಸೆಗಳನ್ನು ಒಟ್ಟಾಗಿ ಕುಲುಮೆಯಲ್ಲಿ ಜೋಡಿಸಿ, ಇದ್ದಲು ಸುರಿದು, ತಿದಿಯೊತ್ತಿ ಉರಿ ಎಬ್ಬಿಸುತ್ತಿದ್ದರು. ಕಡ್ಡಿ ಎಲೆಗಳ ಇಂಗಾಲ ಕಬ್ಬಿಣದೊಳಕ್ಕೆ ಸೇರಿ ಅದು ಉಕ್ಕಾಗುತ್ತಿತ್ತು. ದಾರಿಯ ಪಕ್ಕದಲ್ಲಿ ಹಳದಿ ಹೂ ಬಿಡುವ ಈ ತಂಗಡಿ, ಆವರಿಕೆ ಎಂದೂ ಕರೆಯುವುದುಂಟು, ಲಂಡನ್ನಿನ ಪ್ರಯೋಗಶಾಲೆಯ ತಲೆಕೆಡಿಸಿತೆಂದರೆ ಯಾರು ನಂಬಿಯಾರು? ಉಕ್ಕು ಕುಡುಗೋಲಿಗೆ, ಕಲ್ಲುಕುಟಿಗರ ಉಳಿಗೆ, ಚಾಕು ಚೂರಿಗೆ ಹೋಗುತ್ತಿತ್ತು. ಚನ್ನಪಟ್ಟಣದವರು ಉಕ್ಕಿನ ಸಣ್ಣ ತಂತಿ ಎಳೆಯುವುದರಲ್ಲಿ ಪ್ರವೀಣರು. ವಾದ್ಯಗಳಿಗೆ ಬೇಕಾದ ಆ ತಂತಿಗೆ ದಕ್ಷಿಣದಲ್ಲೆಲ್ಲ ಹೆಸರಿತ್ತು. ರೇಡಿಯೋ ಮುಂದೆ ಕುಳಿತು ವೀಣೆ ಕೇಳುವ ನಾವು ಈ ಮಾತನ್ನು ನೆನೆಯಬಹುದು.

ಲಂಡನ್ನಿನವರು ಇಷ್ಟು ಮೆಚ್ಚಿದ ಮೇಲೆ ನಮ್ಮ ಕುಲುಮೆಗಳು ಬೆಳಗಬೇಕಾಗಿತ್ತು. ನಡೆದದ್ದು ಬೇರೆ. ಮುಚ್ಚಿದ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನವನ್ನು ಷೆಫೀಲ್ಡಿನಲ್ಲಿ ಹಂಟ್ಸ್‌ಮನ್ ಎಂಬಾತ 1740ರ ದಶಕದಲ್ಲಿಯೇ ಹಿಡಿದಿದ್ದನು. 1856ರಲ್ಲಿ ಬೆಸೆಮರನ ವಿಧಾನ ಬಂದು ಉಕ್ಕು ಟನ್ನುಗಟ್ಟಲೆ ಅಗ್ಗವಾಗಿ ಸುರಿಯತೊಡಗಿತು. ಇತ್ತ ಕಾಡಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, ಇದ್ದಲು ತುಟ್ಟಿಯಾಯಿತು. ನಮ್ಮ ಮೂಸೆಗಳು ಒಂದೊಂದಾಗಿ ಆರಿದವು. ಆ ಕೈಗಳ ವಿದ್ಯೆ ಮಕ್ಕಳಿಗೆ ದಾಟಲಿಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸರ್ಕಾರದ ಕಾರ್ಖಾನೆ ಇದ್ದಲಿನಿಂದಲೇ ಕಬ್ಬಿಣ ಕರಗಿಸತೊಡಗಿತು ನಿಜ. ಆದರೆ ಅದು ಎಂಜಿನಿಯರುಗಳ ವಿದ್ಯೆ, ಮೂಸೆಯವರದಲ್ಲ.

ಬೆಂಗಳೂರಿನ ದಂಡು 1809ರಲ್ಲಿ ಹಲಸೂರಿನ ಬಳಿ ನೆಲೆಯಾಯಿತು. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲು ಬಂತು. ಕೃಷ್ಣರಾಜಪುರ ಇರುವುದು ಆ ಹಾದಿಯ ಮೇಲೆಯೇ. ಮದರಾಸಿನ ರೇವಿನಲ್ಲಿ ಇಳಿದ ಸೀಮೆ ಸಾಮಾನೆಲ್ಲ ಈ ಹಳಿಯ ಮೇಲೆ ಏರಿ ಬಂದು ದಂಡಿನ ಅಂಗಡಿಗಳನ್ನು ತುಂಬಿತು. ಸಿಪಾಯಿಗೆ ಡಬ್ಬಿ ತೆರೆಯುವ ಕೊಕ್ಕೆ ಮತ್ತು ಹಗ್ಗದ ಗಂಟು ಬಿಡಿಸುವ ಮುಳ್ಳು ಇದ್ದ ದಪ್ಪ ಚಾಕು. ಗುಮಾಸ್ತನಿಗೆ ಎರಡಲಗಿನ ತೆಳುವಾದ ಚಾಕು. ನಕ್ಷತ್ರ ಮತ್ತು ಶಿಲುಬೆಯ ಗುರುತಿನ ಜೋಸೆಫ್ ರಾಡ್ಜರ್ಸ್ ಚಾಕುವೆಂದರೆ ಪೂರ್ವ ದೇಶಗಳಲ್ಲೆಲ್ಲ ಪ್ರತಿಷ್ಠೆಯ ವಸ್ತು. ಷೆಫೀಲ್ಡಿನ ಒಳ್ಳೆಯ ಚಾಕುವಿನ ಹಿಡಿಯನ್ನು ಹಲವು ಸಲ ಕಡವೆಯ ಕೊಂಬಿನಿಂದ ಮಾಡುತ್ತಿದ್ದರು. ವರ್ಷಕ್ಕೊಮ್ಮೆ ಕಾಡಿನಲ್ಲಿ ಉದುರುವ ಆ ಕೊಂಬನ್ನು ಆಯ್ದು ಕಳಿಸುತ್ತಿದ್ದುದು ನಮ್ಮ ದೇಶವೇ. ಈಗ ಅದರ ವ್ಯಾಪಾರಕ್ಕೆ ಕಾನೂನಿನಲ್ಲಿ ಎಡೆಯಿಲ್ಲ. ಹಿಡಿ ನಮ್ಮದು, ಅಲಗಿನ ಕೀರ್ತಿಯೂ ಒಂದು ಕಾಲಕ್ಕೆ ನಮ್ಮದು; ಬೆಲೆ ಕೊಟ್ಟು ಕೊಂಡವರೂ ನಾವೇ.

ಚಾಕುವನ್ನು ಜೇಬಿನಲ್ಲಿಡುವುದೆಂದರೆ ಈಗ ಜನ ಒಂದು ತರಹ ನೋಡುತ್ತಾರೆ. ವಿಮಾನದ ಕೈಚೀಲದಲ್ಲಂತೂ ಅದಕ್ಕೆ ಪ್ರವೇಶವಿಲ್ಲ. ಆದರೆ 1959ರ ಶಸ್ತ್ರಾಸ್ತ್ರ ಕಾಯಿದೆಯ ಕೆಳಗೆ 1962ರಲ್ಲಿ ಮಾಡಿದ ನಿಯಮಗಳು ಆಯುಧವೆಂದು ಎಣಿಸಿದ್ದು ಒಂಬತ್ತು ಅಂಗುಲಕ್ಕಿಂತ ಉದ್ದವಾದ ಇಲ್ಲವೆ ಎರಡು ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು. ಮನೆಗೆಲಸದ, ಬೇಸಾಯದ ಅಲಗುಗಳನ್ನು ಅಲ್ಲಿಯೂ ಹೊರಗಿಟ್ಟಿದ್ದರು. ಪೇರಲ ಹಣ್ಣು ಹೆಚ್ಚುವ ಚಾಕುವಿಗೂ ಬೀದಿ ಜಗಳದ ಚೂರಿಗೂ ಇರುವ ಅಂತರವನ್ನು ಕಾನೂನು ಬರೆದವರು ಬಲ್ಲರು. ಲಾಲ್‌ಬಾಗಿನ ಮಾಲಿಯ ಕೈಯಲ್ಲಿರುವ ಕಸಿಚಾಕುವನ್ನು ನೋಡಿ. ಅದು ಮೊಂಡಾದರೆ ಮಾವಿನ ಕಸಿ ಕೂಡುವುದಿಲ್ಲ.

ಕೃಷ್ಣರಾಜಪುರದ ಸಂತೆಯಂಥ ಕಡೆ ಗೋಣಿ ಹಾಸಿ ಕುಡುಗೋಲು, ಮಚ್ಚು, ಚಾಕು ಹರಡಿಕೊಂಡವರ ಮುಂದೆ ನಿಂತಾಗ ಒಂದನ್ನು ಕೊಳ್ಳಬೇಕೆಂದು ಆಸೆಯಾದರೆ ಹೊಳಪು ನೋಡಿ ಮೋಸಹೋಗಬೇಡಿ. ತೆರೆದ ಅಲಗನ್ನು ಬೆರಳಿನಿಂದ ಪಕ್ಕಕ್ಕೆ ಅಲುಗಿಸಿ. ಕೀಲು ಸಡಿಲವಾಗಿದ್ದರೆ ಬಿಟ್ಟುಬಿಡಿ. ಮುಚ್ಚಿದಾಗ ಅಲಗು ಹಿಡಿಯ ನಡುವೆ ನಿಲ್ಲಬೇಕು, ಒಂದು ಪಕ್ಕಕ್ಕೆ ಉಜ್ಜಬಾರದು.

ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಕಂಡುಹಿಡಿದನು. ಇಂದಿನ ಬಹುಪಾಲು ಚಾಕುಗಳು ಆ ಜಾತಿಯವು. ಅವು ಸುಖಿಗಳು. ಹಳೆಯ ಇಂಗಾಲದ ಉಕ್ಕಿನ ಚಾಕುವಿಗೆ ಆರೈಕೆ ಬೇಕು. ಆದರೆ ಅದು ಸಾಣೆಗೆ ಬೇಗ ಒಲಿಯುತ್ತದೆ. ಮಾವಿನಕಾಯಿ, ನಿಂಬೆ, ಹುಣಿಸೆಯ ರಸ ತಾಗಿದರೆ ಅಲಗು ಬೂದುಗಪ್ಪಾಗುತ್ತದೆ. ಇದು ಕಳಂಕವಲ್ಲ, ದಿನಗಳೆದಂತೆ ಅದೇ ಒಂದು ಪೊರೆಯಾಗಿ ಅಲಗನ್ನು ಕಾಯುತ್ತದೆ. ಇದನ್ನು ಮರಳು ಹಾಕಿ ತಿಕ್ಕಿ ಬೆಳ್ಳಗೆ ಮಾಡುವ ಗೃಹಿಣಿಯರ ಶ್ರದ್ಧೆಗೆ ನಮಸ್ಕಾರ, ಆದರೆ ಅದು ಬೇಡ. ಕೆಂಪು ತುಕ್ಕು ಮಾತ್ರ ಶತ್ರು. ಹೆಚ್ಚಿದ ಒಡನೆ ತೊಳೆದು, ಒಣಬಟ್ಟೆಯಿಂದ ಒರೆಸಿ, ಗಾಳಿಗೆ ಐದು ನಿಮಿಷ ತೆರೆದಿಟ್ಟು ಆಮೇಲೆ ಮಡಿಸಬೇಕು. ಕೀಲಿಗೆ ತಿಂಗಳಿಗೊಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಕೈಗೆ ಸಿಕ್ಕುತ್ತದೆ ನಿಜ. ಬೆಂಗಳೂರಿನ ಮಾರ್ಗಶಿರದ ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಹಳತಾದರೆ ಅಂಟಾಗುತ್ತದೆ.

ಸೈಕಲ್ಲಿನ ಮೇಲೆ ಚಕ್ರ ಹೂಡಿಕೊಂಡು ಬೀದಿಯಲ್ಲಿ ಬರುವ ಸಾಣೆಯವನಿಗೆ ಈಳಿಗೆ, ಮಚ್ಚು ಕೊಡಿ. ತೆಳುವಾದ ಜೇಬು ಚಾಕುವನ್ನು ಕೊಡುವಾಗ ಹತ್ತಿರ ನಿಂತು ನೋಡಿ. ಒಣ ಚಕ್ರಕ್ಕೆ ಒತ್ತಿ ಹಿಡಿದರೆ ಕಿಡಿ ಹಾರುತ್ತದೆ, ಮಕ್ಕಳು ಕುಣಿಯುತ್ತಾರೆ. ಆದರೆ ಅಂಚು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಹದ ಕೆಟ್ಟಿತು. ಚಾಕುವಿಗೆ ಹದ ಕೊಡುವ ಕಾವು ಸುಮಾರು 240 ಡಿಗ್ರಿ ಸೆಂಟಿಗ್ರೇಡ್. ಆಗ ಉಕ್ಕಿನ ಮೈ ಹುಲ್ಲಿನ ಹಳದಿಯಾಗುತ್ತದೆ. ನೀಲಿ ಬರುವುದು 300ರ ಸಮೀಪದಲ್ಲಿ. ಅಷ್ಟು ಕಾದ ಅಂಚು ಮೆತ್ತಗಾಗುತ್ತದೆ, ನಾಲ್ಕು ದಿನದಲ್ಲಿ ಮೊಂಡಾಗುತ್ತದೆ. ಮನೆಯಲ್ಲಿಯೇ ನುಣುಪಾದ ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ, ಅಲಗಿನ ಬೆನ್ನಿಗೂ ಕಲ್ಲಿಗೂ ನಡುವೆ ಎರಡು ನಾಣ್ಯ ಒಂದರ ಮೇಲೊಂದು ತೂರುವಷ್ಟು ಸಂದು ಬಿಟ್ಟು, ಎರಡು ಮಗ್ಗುಲೂ ಸಮನಾಗಿ ಹತ್ತು ಹತ್ತು ಸಲ ಎಳೆಯುವುದು ಮೇಲು. ಕಡೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ, ಕ್ಷೌರಿಕನು ಕತ್ತಿ ಸವರುವಂತೆ, ಹಿಮ್ಮುಖವಾಗಿ ನಾಲ್ಕು ಸಲ. ತಿರುಪು ಬಿಚ್ಚುವುದಕ್ಕೆ, ಡಬ್ಬಿಯ ಮುಚ್ಚಳ ಮೀಟುವುದಕ್ಕೆ ಅಲಗಿನ ತುದಿಯನ್ನು ಉಪಯೋಗಿಸಿದರೆ ತುದಿ ಮುರಿಯುತ್ತದೆ. ಆ ಕೆಲಸಕ್ಕೆ ಬೇರೆ ಸಾಮಾನಿದೆ.

ಆಯುಧಪೂಜೆಯ ದಿನ ಈಳಿಗೆಮಣೆ, ಅಡಕತ್ತರಿ, ಕಾರು, ಸೈಕಲ್ಲುಗಳ ಜೊತೆಗೆ ಖಾನೆಯ ಚಾಕುವನ್ನೂ ತೆಗೆದು ಇಡುವ ಮನೆಗಳುಂಟು. ಅರಿಶಿನ ಕುಂಕುಮದ ತೇವವನ್ನು ಮಾತ್ರ ಮರುದಿನ ಬೆಳಗ್ಗೆಯೇ ಮರೆಯದೆ ಒರೆಸಿ, ಒಂದು ತೊಟ್ಟು ಎಣ್ಣೆ ಬಿಡಬೇಕು.